ಅಜ್ಜನ ಹಳೇ ವಾಚು ಸಿಕ್ಕಿದೆ. ಯಾವುದು, ಎಷ್ಟು ಬೆಲೆ ಬಾಳುತ್ತದೆ ಅಂತ ತಿಳಿಯೋದು ಹೇಗೆ? ಮೊದಲು ಪಾಲಿಶ್ ಮಾಡಿಸಲಾ?

ಬೇಡ. ಪಾಲಿಶ್ ಮಾತ್ರ ಬೇಡ. ಈಗಾಗಲೇ ಅಂಗಡಿಗೆ ಕೊಟ್ಟಿದ್ದರೆ ಹೋಗಿ ವಾಪಸ್ ತನ್ನಿ, ಉಳಿದದ್ದು ಆಮೇಲೆ ಓದಿ.

"ಡಯಲ್ ಕಂದಿದೆ, ಹಿಂದೆ ತುಂಬಾ ಗೀರು ಬಿದ್ದಿವೆ, ಚಂದ ಮಾಡಿಸಿ ಬೆಲೆ ಕಟ್ಟಿಸಿ ತಮ್ಮನ ಜೊತೆ ಹಂಚಿಕೊಳ್ಳಬೇಕು" ಅಂತ ಬರೆದಿದ್ದೀರಿ. ಏಳು ವರ್ಷದ ಹಿಂದೆ ನಾನೂ ಹೆಚ್ಚುಕಡಿಮೆ ಇದೇ ಮಾತು ಆಡಿದ್ದೆ.

ಅಪ್ಪ ತೀರಿಕೊಂಡ ಮೇಲೆ ಸೇಡಂ ಹತ್ತಿರದ ನಮ್ಮ ಹಳೇ ಮನೆ ಖಾಲಿ ಮಾಡುತ್ತಿದ್ದೆವು. ಟ್ರಂಕಿನ ತಳದಲ್ಲಿ ರುಮಾಲಿನ ತುಂಡಿನಲ್ಲಿ ಸುತ್ತಿಟ್ಟ ವಾಚು ಸಿಕ್ಕಿತು. ಮುತ್ಯಾಂದು, ಅಂದರೆ ನಮ್ಮ ಅಜ್ಜಂದು. ಮುತ್ಯಾ ಶಾಲಾ ಮಾಸ್ತರ್. ನಿಜಾಮನ ಕಾಲ, ಪಾಠ ಎಲ್ಲಾ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡಿದರೂ ಲೆಕ್ಕ ಬರೆಯುತ್ತಿದ್ದದ್ದು ಉರ್ದುವಿನಲ್ಲೇ. ಒಂದು ವರ್ಷ ತೊಗರಿ ಚೆನ್ನಾಗಿ ಬಂದಾಗ ಆ ದುಡ್ಡಲ್ಲಿ ವಾಚು ತಗೊಂಡರು ಅಂತ ಅವ್ವ ಹೇಳುತ್ತಿದ್ದಳು. ನಾವೂ ನಂಬಿದ್ದೆವು.

ಡಯಲ್ ಮೇಲೆ ವೆಸ್ಟ್ ಎಂಡ್ ವಾಚ್ ಕಂಪನಿ ಅಂತ ಇತ್ತು, ಕೆಳಗೆ ಸೊವಾರ್ ಪ್ರೈಮಾ. ಸೊವಾರ್ ಅಂದರೆ ನಮ್ಮ ಸವಾರನೇ, ಕುದುರೆ ಸವಾರ. ಸ್ವಿಟ್ಜರ್ಲೆಂಡಿನಲ್ಲಿ ಮಾಡಿಸಿ ಬೊಂಬಾಯಿ, ಕಲಕತ್ತೆಯಿಂದ ನಮ್ಮ ದೇಶದಲ್ಲಿ ಮಾರುತ್ತಿದ್ದ ಕಂಪನಿ ಅದು. ಆಗ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಹೈದರಾಬಾದಿನಲ್ಲಿ ಹಳೇ ವಾಚು ಕೂಡಿಡುವ ಒಬ್ಬರ ನಂಬರ್ ಸಿಕ್ಕಿತು, ಎರಡು ಫೋಟೋ ಕಳಿಸಿದೆ. ಫೋನ್ ಮಾಡಿ, "ಹೀಗೇ ತನ್ನಿ, ಏನೂ ಮಾಡಬೇಡಿ, 14 ಸಾವಿರದವರೆಗೆ ನೋಡೋಣ" ಅಂದರು.

"ಏನೂ ಮಾಡಬೇಡಿ" ಅನ್ನೋ ಮಾತನ್ನು ನಾನು ವ್ಯಾಪಾರಿ ಬುದ್ಧಿ ಅಂದುಕೊಂಡೆ. ಕೊಳಕಾಗಿದ್ದರೆ ಕಡಿಮೆಗೆ ಹೊಡೆದುಕೊಳ್ಳಬಹುದಲ್ಲ! ಸ್ವಚ್ಛ ಮಾಡಿಸಿದರೆ 20 ಸಾವಿರ ಕೇಳಬಹುದು ಅನ್ನೋ ಲೆಕ್ಕ ನಂದು.

ಕಲಬುರಗಿ ಮಾರ್ಕೆಟ್ ಕಡೆ ಒಂದು ಅಂಗಡಿಗೆ ಕೊಟ್ಟೆ. ಅವನನ್ನು ಬೈಯೋಲ್ಲ, ಕೇಳಿದ್ದನ್ನು ಮಾಡಿಕೊಟ್ಟ. ನಾಲ್ಕು ದಿನ ಬಿಟ್ಟು ಹೋದರೆ ವಾಚು ಫಳಫಳ. 900 ರೂಪಾಯಿ ಕೊಟ್ಟು ಖುಷಿಯಿಂದ ಬಂದೆ.

ಏನು ಹೋಯಿತು ಅಂತ ಒಂದೊಂದಾಗಿ ಹೇಳುತ್ತೇನೆ, ಯಾಕಂದ್ರೆ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಮೊದಲು ಡಯಲ್. ಅದನ್ನು ಒರೆಸಿ ಸ್ವಚ್ಛ ಮಾಡಿರಲಿಲ್ಲ. ಹಳೇ ಬಣ್ಣ ಪೂರ್ತಿ ತೆಗೆದು ಹೊಸ ಬಣ್ಣ ಬಳಿದು, ಅಕ್ಷರ ಹೊಸದಾಗಿ ಅಚ್ಚು ಹಾಕಿದ್ದ. ಅಕ್ಷರ ದಪ್ಪ ಆಗಿತ್ತು. ಸೆಕೆಂಡಿನ ಸಣ್ಣ ವೃತ್ತ ಇರುತ್ತದಲ್ಲ, ಅದರ ಗೆರೆಗಳು ಕೂದಲೆಳೆ ಪಕ್ಕಕ್ಕೆ ಸರಿದಿದ್ದವು. ಆರರ ಕೆಳಗೆ ಇರುವೆ ಸಾಲಿನಂತೆ ಇದ್ದ ಸ್ವಿಸ್ ಮೇಡ್ ಮಾಯ. ಹಳೇ ವಾಚಿನ ಬೆಲೆಯಲ್ಲಿ ದೊಡ್ಡ ಪಾಲು ಡಯಲಿನದೇ. ಕಂದಿದರೂ, ಚುಕ್ಕಿ ಬಿದ್ದರೂ ಅದೇ ಅದರ ಮೂಲ ಮುಖ.

ಆಮೇಲೆ ಕೇಸು, ಅಂದರೆ ವಾಚಿನ ಹೊರಗಿನ ಲೋಹದ ಕವಚ. ಪಾಲಿಶ್ ಅಂದರೆ ಕೊಳೆ ತೆಗೆಯೋದು ಅಂತ ನಾವು ತಿಳಿದಿರುತ್ತೇವೆ. ಅಲ್ಲ. ತಿರುಗುವ ಚಕ್ರಕ್ಕೆ ಹಿಡಿದು ಲೋಹವನ್ನೇ ಸವೆಸೋದು. ಗೀರು ಹೋಗಬೇಕಾದರೆ ಗೀರಿನ ಆಳದವರೆಗೆ ಸುತ್ತಲಿನ ಉಕ್ಕೂ ಹೋಗಬೇಕು. ಪಟ್ಟಿ ಸಿಕ್ಕಿಸುವ ಕಿವಿಗಳ ಚೂಪು ಅಂಚು ಸೋಪಿನ ಹಾಗೆ ದುಂಡಗಾಗಿದ್ದವು. ನಂದು ಸ್ಟೀಲ್. ಹಿತ್ತಾಳೆ ಮೇಲೆ ಕ್ರೋಮ್ ಲೇಪನ ಇದ್ದ ಕೇಸಾಗಿದ್ದರೆ ಒಳಗಿನ ಹಳದಿ ಹೊರಗೆ ಬಂದಿರುತ್ತಿತ್ತು.

ಹೈದರಾಬಾದಿನವರು ಕೈಯಲ್ಲಿ ಹಿಡಿದು ನೋಡಿ 2,500 ಅಂದರು. ಅದೂ ಒಳಗಿನ ಯಂತ್ರಕ್ಕೆ. ಮಾರದೆ ವಾಪಸ್ ಬಂದೆ.

ಆದರೆ ನನಗೆ ಈಗಲೂ ಚುಚ್ಚುವುದು ಆ ದುಡ್ಡಲ್ಲ. ನನ್ನ ವಾಚಿನ ಹಿಂದಿನ ಮುಚ್ಚಳದ ಮೇಲೂ ಗೀರುಗಳಿದ್ದವು, ಆದರೆ ಅವೆಲ್ಲ ಗೀರುಗಳಾಗಿರಲಿಲ್ಲ. ನಾನು ಹೊರಡುವಾಗ ಹೈದರಾಬಾದಿನವರು, "ಹಿಂದಿನ ಬರಹ ಎಲ್ಲಿ?" ಅಂತ ಕೇಳಿದರು. ಯಾವ ಬರಹ? ನಾನೇ ಕಳಿಸಿದ ಫೋಟೋ ತೆಗೆದು ತೋರಿಸಿದರು. ಉರ್ದು ಅಕ್ಷರ. ಕೈಯಿಂದ ಕೆತ್ತಿದ್ದು, ಸವೆದು ತೆಳ್ಳಗಾಗಿತ್ತು. ನಮ್ಮ ಮನೆಯಲ್ಲಿ ಉರ್ದು ಓದಲು ಬರುತ್ತಿದ್ದ ಕೊನೆಯವರು ಮುತ್ಯಾನೇ. ನಮಗೆ ಅದು ಗೀರಿನ ಹಾಗೆ ಕಂಡಿತ್ತು. ನಾನೇ ಅಂಗಡಿಯವನಿಗೆ ಬೆರಳಿಟ್ಟು ತೋರಿಸಿ, "ಇದನ್ನೆಲ್ಲಾ ತೆಗೀರಿ" ಅಂದಿದ್ದೆ.

ನಮ್ಮ ಓಣಿಯ ನಿವೃತ್ತ ಉರ್ದು ಮಾಸ್ತರರಿಗೆ ಫೋಟೋ ತೋರಿಸಿದೆ. ಟ್ಯೂಬ್‌ಲೈಟಿನ ಬೆಳಕು ಮುಚ್ಚಳದ ನಡುವೆ ಹೊಳೆದು ಅರ್ಧ ಬರಹ ನುಂಗಿತ್ತು. ಅವರಿಗೆ ಸಿಕ್ಕಿದ್ದು ಎರಡೇ: ಮೇಲೆ "ಇನಾಮ್", ಕೊನೆಗೆ "1347 ಫಸ್ಲಿ". ಫಸ್ಲಿ ಅಂದರೆ ನಿಜಾಮನ ಕಾಲದ ವರ್ಷದ ಲೆಕ್ಕ. ಅದಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆ, ಅಂದರೆ 1937 ಇಲ್ಲವೇ 38. ಇನಾಮ್ ಅಂದರೆ ಬಹುಮಾನ. ತೊಗರಿ ಕಥೆ ಸುಳ್ಳು. ಯಾರೋ ಮುತ್ಯಾಗೆ ಈ ವಾಚು ಕೊಟ್ಟಿದ್ದರು. ಯಾರು, ಯಾವುದಕ್ಕೆ ಅನ್ನೋದು ನಡುವಿನ ಸಾಲಿನಲ್ಲಿತ್ತು. ಅದು ಈಗ ಪುಡಿಯಾಗಿ ಯಾವುದೋ ಪಾಲಿಶ್ ಚಕ್ರಕ್ಕೆ ಅಂಟಿಕೊಂಡು ಹೋಗಿದೆ.

ಈಗ ನಿಮ್ಮ ವಾಚು. ಹಿಂದಿನ ಮುಚ್ಚಳವನ್ನು ಮನೆಯಲ್ಲಿ ಚಾಕು ಹಾಕಿ ಎಬ್ಬಬೇಡಿ. ಸರಿಯಾದ ಸಾಮಾನಿರುವ ವಯಸ್ಸಾದ ರಿಪೇರಿಯವರ ಹತ್ತಿರ ಹೋಗಿ, ನಿಮ್ಮೆದುರೇ ತೆಗೆಸಿ, ಒಳಗಿನ ಯಂತ್ರದ ಫೋಟೋ ತೆಗೆದುಕೊಂಡು ಮುಚ್ಚಿಸಿ. ಡಯಲ್ ಮೇಲಿನ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ಯಂತ್ರದ ಮೇಲಿನ ಗುರುತು, ಮುಚ್ಚಳದ ಒಳಮೈಯ ಮುದ್ರೆ, ಡಯಲ್, ಮೂರೂ ಒಂದೇ ಕಥೆ ಹೇಳಬೇಕು. ವೆಸ್ಟ್ ಎಂಡ್‌ನ ಕೆಲವು ಹಳೇ ವಾಚಿನೊಳಗೆ ಲಾಂಜಿನ್ಸ್ ಅನ್ನೋ ಇನ್ನೊಂದು ಸ್ವಿಸ್ ಕಂಪನಿಯ ಯಂತ್ರ ಇರುತ್ತದೆ, ಅದನ್ನು ನೋಡಿ ನಕಲಿ ಅಂತ ಗಾಬರಿಯಾಗಬೇಡಿ. ಎಚ್‌ಎಂಟಿ ಆಗಿದ್ದರೆ 1961ರ ನಂತರದ್ದು, ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದದ್ದು. ಜನತಾ, ಪೈಲಟ್ ಎಲ್ಲರ ಮನೆಯಲ್ಲೂ ಇದ್ದವು. ಲಕ್ಷದ ಕನಸು ಬೇಡ.

ನಿಂತಿದೆ ಅಂದರೆ ಕೆಟ್ಟಿದೆ ಅಂತಲ್ಲ. ಒಳಗಿನ ಎಣ್ಣೆ ಒಣಗಿರುತ್ತದೆ. ಸುಮ್ನೆ ಚಾವಿ ಕೊಟ್ಟು ಓಡಿಸಿದರೆ ಒಣ ಯಂತ್ರ ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ. ಮುಳ್ಳು, ಅಂಕಿಗಳ ಮೇಲೆ ಕಂದು ಬಣ್ಣದ ದಪ್ಪ ಲೇಪ ಇದ್ದರೆ ಕೆರೆಯಬೇಡಿ. ಕತ್ತಲಲ್ಲಿ ಹೊಳೆಯಲಿ ಅಂತ ಆ ಕಾಲದಲ್ಲಿ ರೇಡಿಯಂ ಹಚ್ಚುತ್ತಿದ್ದರು. ಹೊಳಪು ಸತ್ತರೂ ರೇಡಿಯಂ ಸಾಯುವುದಿಲ್ಲ, ಅರ್ಧಕ್ಕೆ ಇಳಿಯಲಿಕ್ಕೇ 1600 ವರ್ಷ ಬೇಕು. ಆ ಪುಡಿ ಮೂಗಿಗೆ ಹೋಗಬಾರದು.

ಬೆಲೆ ಕಟ್ಟಿಸಿ ತಮ್ಮನ ಜೊತೆ ಹಂಚಿಕೊಳ್ಳೋದು? ನನಗೆ ಆ ಪ್ರಶ್ನೆಯೇ ಸರಿ ಕಾಣಲಿಲ್ಲ. ಇಂಥ ಹೆಚ್ಚಿನ ವಾಚುಗಳು ಕೆಲವು ಸಾವಿರಕ್ಕೆ ನಿಲ್ಲುತ್ತವೆ, ಅದರಲ್ಲಿ ಇಬ್ಬರಿಗೂ ಒಂದೊಂದು ಮೊಬೈಲೂ ಬರಲ್ಲ. ಒಂದು ವರ್ಷ ನೀವು ಕಟ್ಟಿಕೊಳ್ಳಿ, ಒಂದು ವರ್ಷ ಅವರು. ನಾನೂ ನನ್ನ ತಮ್ಮನೂ ಹಾಗೇ ಮಾಡುತ್ತಿದ್ದೇವೆ. ಈ ಶರಣಬಸವೇಶ್ವರ ಜಾತ್ರೆಗೆ ಅದು ಅವನ ಕೈಯಲ್ಲಿತ್ತು, ದಿನಕ್ಕೆ ಏಳು ನಿಮಿಷ ಹಿಂದೆ ಬೀಳುತ್ತದೆ ಅಂತ ಬೈಯುತ್ತಿದ್ದ.

ಇವತ್ತೇ ಮುಚ್ಚಳದ ಫೋಟೋ ತೆಗೆಯಿರಿ. ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಪಕ್ಕ ವಾಚನ್ನು ಓರೆಯಾಗಿ ಇಟ್ಟು, ಬೆಳಕು ಒಂದೇ ಕಡೆಯಿಂದ ಬೀಳುವ ಹಾಗೆ. ಹತ್ತು ಹದಿನೈದು ಕೋನದಲ್ಲಿ ತೆಗೆಯಿರಿ. ಗೀರುಗಳ ನಡುವೆ ಅಕ್ಷರದಂಥದ್ದು ಏನಾದರೂ ಕಂಡರೆ ಇಲ್ಲೇ ಹಾಕಿ. ಉರ್ದು ಆಗಿದ್ದರೆ ನಮ್ಮ ಮಾಸ್ತರರಿಗೆ ತೋರಿಸುತ್ತೇನೆ. ಸಂಜೆ ಹೊತ್ತು ಅವರು ಮನೆ ಕಟ್ಟೆ ಮೇಲೇ ಕೂತಿರುತ್ತಾರೆ.