ಹಾಳಾದ ಹಳೆಯ ಐಮ್ಯಾಕ್ ಜಿ3 ಕಂಪ್ಯೂಟರನ್ನು ಅಲಂಕಾರದ ದೀಪವಾಗಿಸಬಹುದೇ?

ನಿಮ್ಮ ಬಳಿ 1999ರ ನೀಲಿ ಬಣ್ಣದ ಐಮ್ಯಾಕ್ ಇದೆ, ಅದು ಚಾಲೂ ಆಗುತ್ತಿಲ್ಲ, ಗುಜರಿಗೆ ಹಾಕಲು ಮನಸ್ಸು ಬಾರದು, ಒಳಗೊಂದು ಬಲ್ಬ್ ಇಟ್ಟು ದೀಪ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಅದೇ ಮಾದರಿಯ ಕಿತ್ತಳೆ ಬಣ್ಣದ ಯಂತ್ರವೊಂದನ್ನು ನಾನು ಹಾಗೆ ಮಾಡಿಕೊಂಡಿದ್ದೇನೆ. ಕಂಪ್ಯೂಟರುಗಳೆಂದರೆ ಬೂದುಬಣ್ಣದ ಡಬ್ಬಗಳೇ ಎಂಬಂತಿದ್ದ 1998ರಲ್ಲಿ ಆಪಲ್ ಸಂಸ್ಥೆ ಇದನ್ನು ಅರೆಪಾರದರ್ಶಕ ಪಾಲಿಕಾರ್ಬೊನೇಟ್ ಕವಚದಲ್ಲಿ ಹೊರತಂದದ್ದರಿಂದ, ದೀಪಕ್ಕೆ ಬೇಕಾದ ಬಣ್ಣದ ಬುರುಡೆ ನಿಮಗೆ ಸಿದ್ಧವಾಗಿಯೇ ಸಿಕ್ಕಿದೆ. ಆದರೆ ಯಂತ್ರಕ್ಕೆ ಜೀವ ಬರುವ ಸಾಧ್ಯತೆ ಇದೆಯೇ ಎಂದು ಬಲ್ಲವರೊಬ್ಬರಿಗೆ ಮೊದಲು ತೋರಿಸಿ. ಸರಿಹೋಗಬಹುದಾದದ್ದನ್ನು ದೀಪ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಈ ಕೆಲಸದಲ್ಲಿ ನಿಜವಾಗಿ ಕಷ್ಟವಾದದ್ದು ಬೆಳಕು ಹಾಕುವುದಲ್ಲ, ಪರದೆಯ ಪಿಕ್ಚರ್ ಟ್ಯೂಬನ್ನು ಹೊರತೆಗೆಯುವುದು. ಸುಮಾರು 17 ಕೆ.ಜಿ. ತೂಗುವ ಈ ಯಂತ್ರದ ಭಾರದಲ್ಲಿ ದೊಡ್ಡ ಪಾಲು 15 ಇಂಚಿನ ಆ ಗಾಜಿನ ಟ್ಯೂಬಿನದೇ. ಯಂತ್ರ ನಡೆಯುವಾಗ ಅದಕ್ಕೆ ಅಧಿಕ ವೋಲ್ಟೇಜ್ ತಲುಪುವ ತುದಿಯಾದ ಆನೋಡ್‌ನಲ್ಲಿ 20,000 ವೋಲ್ಟ್‌ಗೂ ಮೀರಿದ ಒತ್ತಡವಿರುತ್ತದೆ, ಮತ್ತು ಪ್ಲಗ್ ಕಿತ್ತ ಮೇಲೂ ಟ್ಯೂಬು ಒಂದು ಕೆಪಾಸಿಟರಿನ ಹಾಗೆ ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಒಮ್ಮೆ ಡಿಸ್ಚಾರ್ಜ್ ಮಾಡಿದ, ಅಂದರೆ ಆ ವಿದ್ಯುತ್ತನ್ನು ಹೊರಹಾಕಿ ಖಾಲಿ ಮಾಡಿದ ಬಳಿಕವೂ ಸ್ವಲ್ಪ ಹೊತ್ತಿನಲ್ಲಿ ಅದರ ಒಂದಂಶ ಮರಳಿ ಕೂಡಿಕೊಳ್ಳುವುದುಂಟು. ಒಳಗೆ ನಿರ್ವಾತವಿರುವ ಕಾರಣ ಟ್ಯೂಬಿನ ಹಿಂಬದಿಯ ಸಪೂರ ಕುತ್ತಿಗೆಗೆ ಪೆಟ್ಟು ಬಿದ್ದರೆ ಗಾಜು ಒಡೆದು ಸಿಡಿಯುವ ಅಪಾಯವೂ ಇದೆ. ಆದ್ದರಿಂದ ಇದನ್ನು ವಿಡಿಯೊ ನೋಡಿ ಕಲಿಯುವ ಬದಲು, ಹಳೆಯ ಟಿ.ವಿ.ಗಳನ್ನು ರಿಪೇರಿ ಮಾಡಿ ಪಳಗಿದ ಮೆಕ್ಯಾನಿಕ್ ಒಬ್ಬರ ಕೈಯಲ್ಲಿ ಮಾಡಿಸಿ. ನಾನೂ ಹಾಗೆಯೇ ಮಾಡಿಸಿದೆ. ಹೊರಬಂದ ಟ್ಯೂಬಿನ ಗಾಜಿನಲ್ಲಿ ಸೀಸವಿರುವುದರಿಂದ ಅದನ್ನು ಒಡೆಯದೆ, ಇಡಿಯಾಗಿಯೇ ಮಾನ್ಯತೆ ಪಡೆದ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ತಲುಪಿಸಬೇಕು. ಮದರ್‌ಬೋರ್ಡಿನ ಮೇಲಿರುವ ಚಿಕ್ಕ ಲಿಥಿಯಂ ಬ್ಯಾಟರಿಯನ್ನೂ ಜೊತೆಗೇ ಕೊಡಿ.

ಉಳಿದದ್ದು ತಾಳ್ಮೆಯ ಕೆಲಸ. ಇಷ್ಟು ವರ್ಷ ಕಳೆದ ಪ್ಲಾಸ್ಟಿಕ್ಕು ಹಪ್ಪಳದಂತೆ ಪೆಡಸಾಗಿರುತ್ತದೆಯಾದ್ದರಿಂದ, ಸ್ಕ್ರೂ ಕೂರುವ ಕಂಬಗಳು ಸ್ವಲ್ಪ ಒತ್ತಿದರೂ ಬಿರುಕು ಬಿಡುತ್ತವೆ. ಕವಚದ ಒಳಗಿನ ಲೋಹದ ಹೊದಿಕೆಯನ್ನು ಪೂರ್ತಿ ತೆಗೆಯಿರಿ, ಇಲ್ಲವಾದರೆ ಅದರ ಕರಿ ನೆರಳು ಹೊರಗೆ ಕಾಣುತ್ತದೆ. ಪರದೆಯಿದ್ದ ಜಾಗಕ್ಕೆ 3 ಮಿ.ಮೀ. ದಪ್ಪದ ಹಾಲುಬಿಳಿ ಅಕ್ರಿಲಿಕ್ ಹಾಳೆಯನ್ನು ಕತ್ತರಿಸಿ ಹಿಂದಿನಿಂದ ಅಂಟಿಸಿದರೆ ಸಾಕು.

ಬೆಳಕಿಗೆ ಮನೆಯ 230 ವೋಲ್ಟ್‌ನ ಬಲ್ಬನ್ನು ಒಳಗೆ ಕೂರಿಸಬೇಡಿ. 12 ವೋಲ್ಟ್‌ನ ಎಲ್‌ಇಡಿ ಪಟ್ಟಿಯೇ ಸರಿ. ಮೀಟರಿಗೆ ಸುಮಾರು 5 ವ್ಯಾಟ್ ಎಳೆಯುವ ಪಟ್ಟಿ 2 ಮೀಟರ್ ಇದ್ದರೆ 12 ವೋಲ್ಟ್, 2 ಆಂಪಿಯರ್‌ನ ಅಡಾಪ್ಟರ್ ಧಾರಾಳವಾಗಿ ಸಾಕಾಗುತ್ತದೆ, ಮತ್ತು ಆ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುವುದರಿಂದ ಯಂತ್ರದೊಳಗೆ ಅಪಾಯದ ವಿದ್ಯುತ್ತು ಬರುವುದೇ ಇಲ್ಲ. ಬೆಂಗಳೂರಿನವರಾದರೆ ಇವೆಲ್ಲ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ. ಪಟ್ಟಿಯನ್ನು ಕವಚದ ಒಳಗೋಡೆಗೇ ಅಂಟಿಸಿದರೆ ಪ್ರತಿ ಎಲ್‌ಇಡಿಯೂ ಬಿಡಿ ಚುಕ್ಕೆಯಾಗಿ ಕಂಡು ಮದುವೆ ಚಪ್ಪರದ ಸೀರಿಯಲ್ ಸೆಟ್ಟಿನ ಕಳೆ ಬರುತ್ತದೆ. ಬದಲಿಗೆ ನಡುವೆ ಪಿವಿಸಿ ಕೊಳವೆಯೊಂದನ್ನು ನಿಲ್ಲಿಸಿ ಅದರ ಸುತ್ತ ಸುತ್ತಿದರೆ, ಗೋಡೆಗೆ ತಲುಪುವಷ್ಟರಲ್ಲಿ ಬೆಳಕು ಹರಡಿಕೊಂಡಿರುತ್ತದೆ.

ಬಣ್ಣದ ವಿಷಯದಲ್ಲಿ ನನ್ನನ್ನು ಅನುಸರಿಸಬೇಡಿ. ಕಿತ್ತಳೆಗೆ ಹಳದಿ ಛಾಯೆಯ ವಾರ್ಮ್ ವೈಟ್ ಚೆನ್ನಾಗಿ ಒಪ್ಪುತ್ತದೆ, ಆದರೆ ನೀಲಿ ಪ್ಲಾಸ್ಟಿಕ್ಕು ಅದರಲ್ಲಿನ ಕೆಂಪು-ಹಳದಿಯನ್ನೇ ನುಂಗಿಬಿಡುವುದರಿಂದ ಹೊರಗೆ ಮಂಕು ಬೆಳಕಷ್ಟೇ ಉಳಿಯುತ್ತದೆ. ನಿಮ್ಮದಕ್ಕೆ 6000 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ) ಆಸುಪಾಸಿನ, ನೀಲಿ ಛಾಯೆಯ ಕೂಲ್ ವೈಟ್ ತನ್ನಿ. ಮುಂಭಾಗದ ಪವರ್ ಗುಂಡಿಯ ಹಿಂದೆ, ಒತ್ತಿದರೆ ಹತ್ತಿ ಮತ್ತೆ ಒತ್ತಿದರೆ ಆರುವ ಪುಟ್ಟ ಸ್ವಿಚ್ಚೊಂದನ್ನು ಜೋಡಿಸಿಕೊಂಡರೆ ಹೊರಗೆ ಬೇರೆ ಸ್ವಿಚ್ ನೇತಾಡುವ ಅಗತ್ಯವಿರುವುದಿಲ್ಲ.