ಕೋವಿ ಮಾಡಿದ ಕಂಪನಿ ಮೇಲೆ ಕೇಸ್ ಹಾಕಬಹುದಾ?

ಮಡಿಕೇರಿಯಿಂದ ಅಮೆರಿಕದ ಹಾರ್ಟ್‌ಫರ್ಡ್‌ಗೆ ಬರುತ್ತಿದ್ದೀರಿ, ಮಗಳನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಬೇಕು. ಶಾಲೆಯಲ್ಲಿ ಗುಂಡು ಹಾರಿದರೂ ಗನ್ ಮಾಡಿದ ಕಂಪನಿಗೆ ಇಲ್ಲಿ ಏನೂ ಆಗಲ್ವಂತೆ, ನಿಜವಾ ಅಂತ ಕೇಳಿದ್ದೀರಿ. ಮುಕ್ಕಾಲು ಪಾಲು ನಿಜ. ಉಳಿದ ಕಾಲು ಭಾಗದ ಕತೆ ನಡೆದದ್ದು ಇದೇ ಕನೆಕ್ಟಿಕಟ್ ರಾಜ್ಯದಲ್ಲಿ.

ನಾನು ಬಂದಿದ್ದು 2012ರ ಆಗಸ್ಟ್‌ನಲ್ಲಿ. ಡಿಸೆಂಬರ್ 14ಕ್ಕೆ ನ್ಯೂಟೌನ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿನ ದಾಳಿ. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯೂ ಇಲ್ಲ. ಸತ್ತವರು 20 ಮಕ್ಕಳು, ಎಲ್ಲರೂ ಆರು-ಏಳು ವರ್ಷದವರು. ಜೊತೆಗೆ ಶಾಲೆಯ 6 ಸಿಬ್ಬಂದಿ. ಬಳಸಿದ್ದು ಬುಷ್‌ಮಾಸ್ಟರ್ ರೈಫಲ್, ಮಾಡಿದ್ದು ರೆಮಿಂಗ್ಟನ್ ಕಂಪನಿ.

2005ರಲ್ಲಿ ಅಧ್ಯಕ್ಷ ಬುಷ್ ಸಹಿ ಹಾಕಿದ ಕಾನೂನೊಂದಿದೆ. ಗನ್ ಸರಿಯಾಗೇ ಕೆಲಸ ಮಾಡಿ, ಬೇರೆ ಯಾರೋ ಅದರಿಂದ ಅಪರಾಧ ಮಾಡಿದರೆ, ಗನ್ ತಯಾರಿಸಿದವನ ಮೇಲಾಗಲಿ ಮಾರಿದವನ ಮೇಲಾಗಲಿ ಪರಿಹಾರದ ಕೇಸ್ ನಿಲ್ಲುವುದಿಲ್ಲ. ಕೆಲವು ಸಂದು ಮಾತ್ರ ಬಿಟ್ಟಿದ್ದಾರೆ. ಮಾರಾಟ, ಜಾಹೀರಾತಿನ ನಿಯಮವನ್ನು ಕಂಪನಿ ಗೊತ್ತಿದ್ದೇ ಮುರಿದಿದ್ದರೆ ಕೇಸ್ ಹಾಕಬಹುದು. ನ್ಯೂಟೌನ್‌ನ ಒಂಬತ್ತು ಕುಟುಂಬಗಳು ನುಗ್ಗಿದ್ದು ಅಲ್ಲೇ. ಈ ರೈಫಲ್ ಕೊಂಡರೆ ನೀನು ಮತ್ತೆ ಗಂಡಸು ಅನ್ನೋ ಧಾಟಿಯ ಜಾಹೀರಾತು ಬಂದಿತ್ತು. ಯುದ್ಧಕ್ಕೆ ಮಾಡಿದಂಥದ್ದನ್ನು ಹುಡುಗರಿಗೆ ಹೀಗೆ ಮಾರಿದ್ದು ರಾಜ್ಯದ ವ್ಯಾಪಾರ ಕಾನೂನಿಗೆ ವಿರುದ್ಧ ಅಂದರು. 2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೇಸ್ ನಡೆಯಲಿ ಅಂತು. 2022ರ ಫೆಬ್ರವರಿಯಲ್ಲಿ 7.3 ಕೋಟಿ ಡಾಲರ್‌ಗೆ ರಾಜಿಯಾಯಿತು. ಕಂಪನಿಯ ಒಳಗಿನ ಕಾಗದಪತ್ರವನ್ನು ಜನರ ಮುಂದಿಡುವ ಹಕ್ಕನ್ನೂ ಕುಟುಂಬಗಳು ಬಿಟ್ಟುಕೊಡಲಿಲ್ಲ.

ಆ ದುಡ್ಡು ಕೊಟ್ಟವರು ಯಾರು ಗೊತ್ತಾ? ರೆಮಿಂಗ್ಟನ್ ಅಷ್ಟರಲ್ಲಿ ಎರಡು ಸಲ ದಿವಾಳಿ. ಕೊಟ್ಟಿದ್ದು ಅದರ ಇನ್ಶೂರೆನ್ಸ್ ಕಂಪನಿಗಳು. ಹಾರ್ಟ್‌ಫರ್ಡ್ ಅಂದರೆ ಇನ್ಶೂರೆನ್ಸ್ ಊರು, ನಾನೂ ಅದೇ ಪ್ರಾಜೆಕ್ಟ್‌ಗಳಲ್ಲಿ ಕೂದಲು ಉದುರಿಸಿಕೊಂಡವನು. ಆ ವಾರ ಕಾಫಿ ಮೆಷಿನ್ ಹತ್ತಿರ ನಮ್ಮ ಅಂಡರ್‌ರೈಟರ್ (ಯಾರಿಗೆ ಪಾಲಿಸಿ ಕೊಡಬೇಕೆಂದು ತೀರ್ಮಾನಿಸುವವರು) ಒಬ್ಬರು, 'ಇನ್ನು ಪಾಲಿಸಿ ಕೊಡುವ ಮುಂಚೆ ಜಾಹೀರಾತನ್ನೂ ತರಿಸಿ ಓದಬೇಕು' ಅಂತ ಗೊಣಗಿದರು. ತೀರ್ಪಿಗಿಂತ ಆ ಗೊಣಗಾಟಕ್ಕೇ ಕಂಪನಿಗಳು ಜಾಸ್ತಿ ಹೆದರುತ್ತವೆ ಅಂತ ನನಗನಿಸುತ್ತದೆ.

ಹಾಗಂತ ಬಾಗಿಲು ಪೂರ್ತಿ ತೆರೆದಿದೆ ಅಂದುಕೊಳ್ಳಬೇಡಿ. ತನ್ನ ಡ್ರಗ್ ಗ್ಯಾಂಗ್‌ಗಳ ಕೈಗೆ ಗನ್ ಸೇರೋದಕ್ಕೆ ನೀವೇ ಕಾರಣ ಅಂತ ಮೆಕ್ಸಿಕೋ ದೇಶ ಸ್ಮಿತ್ ಅಂಡ್ ವೆಸನ್ ಮುಂತಾದ ಗನ್ ಕಂಪನಿಗಳ ಮೇಲೆ ಹಾಕಿದ್ದ ಕೇಸನ್ನು 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಒಂಬತ್ತೂ ಜಡ್ಜ್‌ಗಳದ್ದು ಒಂದೇ ಮಾತು.

ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡೋದನ್ನು ನೋಡಿ ಬೆಳೆದವರು ನೀವು. ಇಲ್ಲಿ ಅದು ಅಂಗಡಿ ಸಾಮಾನು. ಮಗಳನ್ನು ಯಾರದೋ ಮನೆಗೆ ಆಡಲು ಕಳಿಸುವ ಮುಂಚೆ 'ನಿಮ್ಮಲ್ಲಿ ಗನ್ ಇದೆಯಾ, ಬೀಗ ಹಾಕಿದೆಯಾ' ಅಂತ ಕೇಳಿ. ನಾನು ಮೊದಲ ಸಲ ಕೇಳುವಾಗ ಬಾಯಿ ಒಣಗಿತ್ತು. ಪಕ್ಕದ ಮನೆಯಾಕೆ ಬೇಜಾರೇ ಮಾಡಿಕೊಳ್ಳದೆ ಕಪಾಟಿನ ಸೇಫ್ ತೋರಿಸಿದರು. ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕೆಂದು ಈ ರಾಜ್ಯದಲ್ಲಿ ಕಾನೂನೇ ಇದೆ. ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಮಾಡಿಸುತ್ತಾರೆ, ಮನೆಗೆ ಬಂದು ಹೇಳಿದರೆ ನೀವು ಗಾಬರಿಯಾಗಬೇಡಿ.

ಮಗಳ ಲಸಿಕೆ ಕಾರ್ಡ್ ಮಾತ್ರ ಮರೆಯದೆ ತನ್ನಿ. ಅದಿಲ್ಲದೆ ಅಡ್ಮಿಷನ್ ಮುಂದಕ್ಕೇ ಹೋಗಲ್ಲ.