ತುಳು ಕಲಿಸುವ ಆನ್‌ಲೈನ್ ಕೋರ್ಸ್ ಮಾಡಿ ಮಾರಬೇಕೆಂದಿದ್ದೇನೆ. ಯಾವ ಕ್ಯಾಮೆರಾ ಕೊಳ್ಳಲಿ, ಎಲ್ಲಿ ಮಾರಲಿ?

ನೀವು ಬರೆದದ್ದು ಇಷ್ಟು: ಉಡುಪಿಯಲ್ಲಿದ್ದೀರಿ, ಶಾಲೆಯಿಂದ ನಿವೃತ್ತರಾಗಿದ್ದೀರಿ, ಮನೆಮಾತು ತುಳು, "ಸಂಪೂರ್ಣ ತುಳು" ಎಂಬ ಕೋರ್ಸಿಗೆ 60 ವಿಡಿಯೋಗಳ ಪಟ್ಟಿ ಸಿದ್ಧ ಉಂಟು, ತುಳು ಲಿಪಿ ಕಲಿಸುವ ಆಸೆಯೂ ಉಂಟು. ಇನ್ನು ಕ್ಯಾಮೆರಾ ಮತ್ತು ಆ್ಯಪ್ ಯಾವುದೆಂದು ತಿಳಿಯಬೇಕು.

ಕ್ಯಾಮೆರಾಕ್ಕೆ ಈಗ ದುಡ್ಡು ಹಾಕಬೇಡಿ. ಮೊದಲು ತೀರ್ಮಾನವಾಗಬೇಕಾದದ್ದು ಯಾರಿಗೆ ಕಲಿಸುತ್ತೀರಿ ಎಂಬುದು. 2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು 18 ಲಕ್ಷ 46 ಸಾವಿರ. ಅವರಲ್ಲಿ ಹೆಚ್ಚಿನವರು ನಿಮ್ಮ ಗಿರಾಕಿಗಳಲ್ಲ, ಅವರಿಗೆ ತುಳು ಬರುತ್ತದೆ. ಹಣ ಕೊಟ್ಟು ಕಲಿಯುವವರು ಅವರ ನಡುವೆ ಬಂದು ನೆಲೆಸಿದ ಬೇರೆಯವರು: ಹಾವೇರಿಯಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರ, ಮಂಗಳೂರು, ದೇರಳಕಟ್ಟೆ, ಮಣಿಪಾಲದ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿದ ನರ್ಸ್, ಮದುವೆಯಾಗಿ ಬಂದ ಸೊಸೆ; ಜೊತೆಗೆ ಮುಂಬೈಯಲ್ಲಿ ಹುಟ್ಟಿ ತುಳು ಬಾರದ ಮೊಮ್ಮಕ್ಕಳು. ಇವರೆಲ್ಲರನ್ನೂ ಒಂದೇ ಕೋರ್ಸಿನಲ್ಲಿ ಕೂರಿಸಹೊರಟರೆ ಯಾರಿಗೂ ಸಾಲುವುದಿಲ್ಲ. ನರ್ಸಿಗೆ ಬೇಕಾದದ್ದು "ಓಲು ಬೇನೆ ಆಪುಂಡು?" (ಎಲ್ಲಿ ನೋವಾಗುತ್ತದೆ?), "ಏತ್ ದಿನ ಆಂಡ್?" (ಎಷ್ಟು ದಿನ ಆಯಿತು?) ಎಂದು ನಾಳೆ ಬೆಳಿಗ್ಗೆಯೇ ಕೇಳುವಷ್ಟು ಭಾಷೆ. ಸೊಸೆಗೆ ಬೇಕಾದದ್ದು ಅತ್ತೆಯ ಮಾತು ಅರ್ಥವಾಗುವುದು.

ನನ್ನನ್ನು ಕೇಳಿದರೆ ಆಸ್ಪತ್ರೆಯವರಿಂದ ಶುರು ಮಾಡಿ. ಹಳ್ಳಿಯಿಂದ ಬಂದ ಮುದುಕಿಗೆ ತನ್ನ ನೋವನ್ನು ಕನ್ನಡದಲ್ಲಿ ಹೇಳಲು ಬಾರದಿದ್ದಾಗ ಎದುರು ನಿಂತ ನರ್ಸಿನ ಕಷ್ಟ ದಿನಾ ಇರುವಂಥದ್ದು. ದಿನಾ ಇರುವ ಕಷ್ಟಕ್ಕೆ ಜನ ಹಣ ಕೊಡುತ್ತಾರೆ. ಕೋರ್ಸಿನ ಹೆಸರಿನಲ್ಲೇ ಅದು ಬರಲಿ: "4 ವಾರದಲ್ಲಿ ರೋಗಿಯೊಂದಿಗೆ ತುಳು". ಪಾಠದ ಮಾಧ್ಯಮ ಒಂದೇ ಇರಲಿ. ಕನ್ನಡ ಬಲ್ಲವರಿಗೆ ಕನ್ನಡದಲ್ಲಿ ಕಲಿಸಿ. ಕೇರಳದವರಿಗೆ ಬೇಕೆಂದರೆ ಅದು ಬೇರೆ ಬ್ಯಾಚು, ಬೇರೆ ಅಕ್ಷರ. ಒಂದೇ ವಿಡಿಯೋದಲ್ಲಿ ಎರಡು ಭಾಷೆಯಲ್ಲಿ ವಿವರಿಸಿದರೆ ಪಾಠದ ಉದ್ದ ಇಮ್ಮಡಿಯಾಗುತ್ತದೆ, ಕೇಳುವವರ ತಾಳ್ಮೆ ಅರ್ಧವಾಗುತ್ತದೆ.

ಈಗ 10 ಜನರನ್ನು ಹುಡುಕಿ, ತಲಾ 500 ರೂಪಾಯಿ ತೆಗೆದುಕೊಂಡು 6 ನೇರ ತರಗತಿ ಮಾಡಿ. ಪುಕ್ಕಟೆ ಬೇಡ, ಪುಕ್ಕಟೆ ಸೇರಿದವರು ಮೂರನೇ ತರಗತಿಗೆ ಬರುವುದಿಲ್ಲ, ಯಾಕೆ ಬರಲಿಲ್ಲ ಎಂದೂ ಹೇಳುವುದಿಲ್ಲ. ಗೂಗಲ್ ಮೀಟ್‌ನಲ್ಲಿ 3 ಅಥವಾ ಹೆಚ್ಚು ಜನ ಇದ್ದರೆ ಉಚಿತ ಅವಧಿ 60 ನಿಮಿಷ, ನಿಮಗೆ 45 ಸಾಕು. ನರ್ಸುಗಳಿಗೆ ಶಿಫ್ಟ್ ಇರುವ ಕಾರಣ ಬೆಳಿಗ್ಗೆಯೊಂದು, ರಾತ್ರಿಯೊಂದು ಸಮಯ ಇಟ್ಟುಕೊಳ್ಳಿ. ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟು, ಅವರು ಕೇಳಿದ ಪ್ರತಿ ಪ್ರಶ್ನೆಯನ್ನೂ ಎಡವಿದ ಪ್ರತಿ ಪದವನ್ನೂ ಬರೆದುಕೊಳ್ಳಿ. ಕೋರ್ಸಿನ ಪಠ್ಯಕ್ರಮ ಆ ನೋಟ್‌ಬುಕ್ಕಿನಿಂದ ಹುಟ್ಟಬೇಕು. 60ರ ಪಟ್ಟಿಯಲ್ಲಿ ಅರ್ಧ ತಾನಾಗಿ ಬಿದ್ದುಹೋಗುತ್ತದೆ.

ಎಲ್ಲಿ ಎಡವುತ್ತಾರೆ ಎಂದು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಕೋರ್ಸಿನ ಬೆಲೆ ಇರುವುದು ಅಲ್ಲಿಯೇ. "ಯಾನ್ ಬರ್ಪೆ" ಎಂದರೆ ನಾನು ಬರುತ್ತೇನೆ, "ಆಯೆ ಬರ್ಪೆ" ಎಂದರೆ ಅವನು ಬರುತ್ತಾನೆ. ಕನ್ನಡ ಲಿಪಿಯಲ್ಲಿ ಸಾಮಾನ್ಯವಾಗಿ ಎರಡನ್ನೂ ಒಂದೇ ರೀತಿ ಬರೆಯುತ್ತೇವೆ. ಬಾಯಲ್ಲಿ ಮಾತ್ರ ಮೊದಲನೆಯದರ ಕೊನೆಯ ಸ್ವರ ಹೆಚ್ಚು ತೆರೆದದ್ದು. ಪಿಡಿಎಫ್ ಓದಿ ಕಲಿತವರಿಗೆ ಇದು ಎಂದಿಗೂ ಗೊತ್ತಾಗುವುದಿಲ್ಲ. ಎರಡನೆಯದು, ಕನ್ನಡದ "ನಾವು" ತುಳುವಿನಲ್ಲಿ ಎರಡು: ಕೇಳುವವರನ್ನೂ ಸೇರಿಸಿದರೆ "ನಮ", ಬಿಟ್ಟರೆ "ಎಂಕುಲು". ಮೂರನೆಯದು ಮರ್ಯಾದೆ. ಎಪ್ಪತ್ತು ದಾಟಿದ ರೋಗಿಗೆ "ಈ" (ನೀನು) ಎಂದುಬಿಟ್ಟರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ, ಮೊದಲ ಪಾಠದಿಂದಲೇ "ಈರ್" (ನೀವು), "ಕುಲ್ಲುಲೆ" (ಕುಳಿತುಕೊಳ್ಳಿ) ಮಾತ್ರ ಕಲಿಸಿ. ಇನ್ನೊಂದು, ಜಾಗ ಮತ್ತು ಸಮುದಾಯಕ್ಕೆ ತಕ್ಕಂತೆ ಬದಲಾಗುವ ರೂಪಗಳು. ತಲೆ ಎನ್ನಲು ಒಬ್ಬರು "ತರೆ" ಅಂದರೆ ಇನ್ನೊಬ್ಬರು "ಸರೆ", ಮತ್ತೊಬ್ಬರು "ಹರೆ" ಅನ್ನುತ್ತಾರೆ. ಮಾತಾಡಲು ಒಂದು ರೂಪ ಕಲಿಸಿ, ಕೇಳಿ ಗುರುತಿಸಲು ಮೂರನ್ನೂ ಕಲಿಸಿ. ಅನುಮಾನ ಬಂದಾಗ ನೋಡಲು ನಿಮ್ಮೂರಿನ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನಾ ಕೇಂದ್ರ 6 ಸಂಪುಟಗಳಲ್ಲಿ ತಂದ ತುಳು ನಿಘಂಟು ಉಂಟು, ಪ್ರಾದೇಶಿಕ ರೂಪಗಳು ಅದರಲ್ಲಿ ಸಿಗುತ್ತವೆ.

ಹೀಗಾಗಿ ವಿಡಿಯೋ ನಿಮ್ಮ ಸರಕಿನ ಸಣ್ಣ ಭಾಗ ಅಷ್ಟೆ. ಕಲಿಯುವವರು ಹೇಳಿದ್ದನ್ನು ನೀವು ಕೇಳಿ ತಿದ್ದುವುದೇ ದೊಡ್ಡ ಭಾಗ. ವಾರಕ್ಕೆ 6ರಂತೆ 24 ಪಾಠ, ಪಾಠಕ್ಕೆ 5-6 ನಿಮಿಷ ಮತ್ತು 8 ವಾಕ್ಯ ಇರಲಿ. ಪ್ರತಿ ವಾಕ್ಯದ ಆಡಿಯೋ ಬೇರೆ ಕೊಡಿ: ಒಮ್ಮೆ ನಿಧಾನವಾಗಿ, ಆಮೇಲೆ ಅವರು ಹೇಳಲು 4 ಸೆಕೆಂಡ್ ಮೌನ, ಮತ್ತೆ ಊರಿನ ವೇಗದಲ್ಲಿ. ಅವರು ಎಂಟೂ ವಾಕ್ಯಗಳನ್ನು ಹೇಳಿ ವಾಟ್ಸ್ಯಾಪ್‌ನಲ್ಲಿ ಧ್ವನಿ ಕಳುಹಿಸಬೇಕು, ನೀವು 24 ಗಂಟೆಯೊಳಗೆ ಧ್ವನಿಯಲ್ಲೇ ತಿದ್ದಿ ಕಳುಹಿಸಬೇಕು. ಒಬ್ಬರಿಗೆ 3 ನಿಮಿಷ ಹಿಡಿದರೆ 15 ಜನರಿಗೆ ದಿನಕ್ಕೆ 45 ನಿಮಿಷ. ಅದಕ್ಕೇ ಬ್ಯಾಚಿಗೆ 15ಕ್ಕಿಂತ ಹೆಚ್ಚು ಸೇರಿಸಬೇಡಿ.

ಬೆಲೆಯ ಲೆಕ್ಕವೂ ಅಲ್ಲಿಂದಲೇ ಬರುತ್ತದೆ. 24 ಪಾಠದ ತಿದ್ದುವಿಕೆಗೆ 18 ಗಂಟೆ, ವಾರಕ್ಕೊಂದು ನೇರ ತರಗತಿಗೆ 4 ಗಂಟೆ, ಒಟ್ಟು 22. ತಲಾ 1,500 ರೂಪಾಯಿಯಂತೆ 15 ಜನರಿಂದ 22,500, ಅಂದರೆ ಗಂಟೆಗೆ ಸಾವಿರದಷ್ಟು. "ಜನ ಬರಲಿ" ಎಂದು 499ಕ್ಕೆ ಇಳಿಸಿದರೆ ಗಂಟೆಗೆ 340. ಎರಡನೇ ಬ್ಯಾಚಿಗೇ ಬೇಸರ ಬಂದು ತಿದ್ದುವುದನ್ನು ನಿಲ್ಲಿಸುತ್ತೀರಿ, ಕೋರ್ಸ್ ಅಲ್ಲಿಗೆ ಮುಗಿಯುತ್ತದೆ. 5,000 ಎಂದು ಬರೆದು ಅಡ್ಡಗೆರೆ ಎಳೆದು 1,500 ತೋರಿಸುವ ಚಾಳಿ ಬೇಡವೇ ಬೇಡ. ಮೊದಲ 3 ಪಾಠದೊಳಗೆ ಬೇಡವೆಂದವರಿಗೆ ಪೂರ್ತಿ ಹಣ ವಾಪಸ್ ಎಂದು ಬರೆದುಕೊಡಿ, ಕೇಳಿದ ದಿನವೇ ಕೊಡಿ.

ರೆಕಾರ್ಡಿಂಗಿಗೆ ನಿಮ್ಮ ಫೋನಿನ ಹಿಂಬದಿ ಕ್ಯಾಮೆರಾ, 1080ಪಿ, ಸಾಕು. ಕಿಟಕಿ ನಿಮ್ಮ ಮುಖದ ಎದುರಿರಲಿ, ಬೆನ್ನಿಗೆ ಬೇಡ. ತುಟಿ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ ಕೂತುಕೊಳ್ಳಿ, ಸ್ವರ ಕಲಿಯುವವರು ಬಾಯಿ ನೋಡುತ್ತಾರೆ. ಹಣ ಹಾಕುವುದಾದರೆ ಮೈಕಿಗೆ ಹಾಕಿ, ಕಾಲರಿಗೆ ಸಿಕ್ಕಿಸುವ ವೈರಿನ ಮೈಕು, ಗಲ್ಲದಿಂದ ಒಂದು ಗೇಣು ಕೆಳಗೆ. ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, 30 ಸೆಕೆಂಡ್ ಮಾತಾಡಿ ಇಯರ್‌ಫೋನ್‌ನಲ್ಲಿ ಕೇಳಿದ ಮೇಲೆಯೇ ಮುಂದುವರಿಯಿರಿ. ಬರಿಯ ಗೋಡೆಯ ಕೋಣೆಯಲ್ಲಿ ಧ್ವನಿ ಗುಂಯ್‌ಗುಡುತ್ತದೆ, ಹಾಸಿಗೆ, ಬಟ್ಟೆಯ ಕಪಾಟು ಇರುವ ಕೋಣೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತಗಡಿನ ಶೀಟಿನ ಕೆಳಗೆ ಈ ಕೆಲಸ ಆಗುವುದಿಲ್ಲ, ಆ ಮಳೆಯ ಸದ್ದನ್ನು ಯಾವ ಸಾಫ್ಟ್‌ವೇರಿನಿಂದ ತೆಗೆದರೂ ಸ್ವರವೂ ಜೊತೆಗೆ ಸವೆಯುತ್ತದೆ. ಮಳೆ ಬಿಟ್ಟ ಮೇಲೆ ರಾತ್ರಿ ಎಂದುಕೊಂಡರೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ಎಲ್ಲಿಂದಲಾದರೂ ಯಕ್ಷಗಾನದ ಮೈಕು ಕೇಳುತ್ತಿರುತ್ತದೆ. ಬೆಳಗಿನ ಹೊತ್ತೇ ಸರಿ.

ಇನ್ನೊಂದನ್ನು ತಪ್ಪದೆ ಮಾಡಿ: ನಿಮ್ಮ ಧ್ವನಿ ಮಾತ್ರ ಸಾಲದು. ಶಿಕ್ಷಕರ ತುಳು ಸ್ಪಷ್ಟ, ರೋಗಿಗಳದ್ದು ಹಾಗಿರುವುದಿಲ್ಲ. ಬೇರೆ ಬೇರೆ ಊರಿನ ನಾಲ್ಕೈದು ಹಿರಿಯರಿಂದ "ತರೆಬೇನೆ", ಹೊಟ್ಟೆನೋವು, ನಿದ್ರೆ ಬಾರದ್ದು ಇವನ್ನೆಲ್ಲ ಅವರದೇ ಮಾತಿನಲ್ಲಿ ಹೇಳಿಸಿ ರೆಕಾರ್ಡ್ ಮಾಡಿ. ಹಣ ಕೊಟ್ಟು, ಒಪ್ಪಿಗೆ ಬರೆಸಿಕೊಂಡು ಮಾಡಿ, ನಿಜವಾದ ರೋಗಿಗಳ ಮಾತನ್ನು ಎಂದೂ ಬಳಸಬೇಡಿ. ತುಳು ಸಿನಿಮಾದ ತುಣುಕುಗಳೂ ಬೇಡ, ಹಕ್ಕು ಬೇರೆಯವರದ್ದು.

ಲಿಪಿ ಕಲಿಸುವ ಆಸೆಯನ್ನೂ ಬರೆದಿದ್ದೀರಿ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16.0ರಲ್ಲಿ (ಕಂಪ್ಯೂಟರು, ಫೋನುಗಳಿಗೆ ಅಕ್ಷರಗಳನ್ನು ಗುರುತಿಸುವ ಜಾಗತಿಕ ಮಾನದಂಡ) ತುಳುವಿನ ಹಳೆಯ ಲಿಪಿಯಾದ ತುಳು-ತಿಗಳಾರಿ ಸೇರಿದೆ, ನನಗೂ ಅದರಿಂದ ಸಂತೋಷ. ಆದರೆ ಅದನ್ನು ಈ ಕೋರ್ಸಿಗೆ ತರಬೇಡಿ. ಫಾಂಟ್ ಇಲ್ಲದ ಫೋನಿನಲ್ಲಿ ಬರೀ ಚೌಕಗಳು ಕಾಣುತ್ತವೆ, ವಾರ್ಡಿಗೆ ಹೊರಟ ನರ್ಸಿಗೆ ಅದರಿಂದ ಉಪಕಾರವೂ ಇಲ್ಲ. ಬೇರೆ ಕೋರ್ಸಾಗಿ ಮಾಡಿ.

ಮಾರುವ ಜಾಗ: ಮೊದಲ ಎರಡು ಬ್ಯಾಚಿಗೆ ಆ್ಯಪೇ ಬೇಡ. ಯುಪಿಐಯಲ್ಲಿ ಹಣ, ವಾಟ್ಸ್ಯಾಪ್ ಗುಂಪು, ಯೂಟ್ಯೂಬಿನಲ್ಲಿ ಲಿಂಕ್ ಇದ್ದವರಿಗೆ ಮಾತ್ರ ಕಾಣುವ ವಿಡಿಯೋ, ಇಷ್ಟರಲ್ಲಿ ನಡೆಯುತ್ತದೆ. ಆಮೇಲೆ ಸ್ವಂತ ಪುಟ ಮಾಡಿ ಪೇಮೆಂಟ್ ಗೇಟ್‌ವೇ (ಪುಟದಲ್ಲೇ ಹಣ ಪಡೆಯುವ ವ್ಯವಸ್ಥೆ) ಹಾಕಿದರೆ, 2% ಶುಲ್ಕ ಮತ್ತು ಅದರ ಮೇಲಿನ 18% ಜಿಎಸ್‌ಟಿ ಸೇರಿ 1,500ಕ್ಕೆ 35 ರೂಪಾಯಿ 40 ಪೈಸೆ ಹೋಗುತ್ತದೆ. ಯುಡೆಮಿಯಂಥ ಆನ್‌ಲೈನ್ ಕೋರ್ಸ್ ಮಾರುಕಟ್ಟೆಯಲ್ಲಿ ನಿಮ್ಮ ಕೂಪನ್ ಹಿಡಿದು ಬಂದವರ ಹಣದಲ್ಲಿ 97% ನಿಮಗೆ, ಅಲ್ಲೇ ಹುಡುಕಿ ಕೊಂಡವರದ್ದರಲ್ಲಿ 37%. ಅಲ್ಲಿ ನಿಮ್ಮ ತಿದ್ದುವಿಕೆಗೆ ಬೆಲೆಯೇ ಸಿಗುವುದಿಲ್ಲ, ಹಾಗಾಗಿ ನಿಮಗದು ಹೇಳಿದ್ದಲ್ಲ. ವಿಡಿಯೋ ಸೋರಿ ಟೆಲಿಗ್ರಾಂ ಸೇರಬಹುದು. ಅದಕ್ಕೆ ಹೆದರಿ ದುಬಾರಿ ಆ್ಯಪ್ ಕೊಳ್ಳಬೇಡಿ, ಕದ್ದವರಿಗೆ ತಿದ್ದುವವರು ಸಿಗುವುದಿಲ್ಲ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟಿದಾಗ ಜಿಎಸ್‌ಟಿ ನೋಂದಣಿ ಬೇಕು, ಅದಕ್ಕೆ ಮೊದಲೇ ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣಿ.

ಜಾಹೀರಾತಿಗೆ ಖರ್ಚು ಮಾಡುವ ಬದಲು ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲರನ್ನೋ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟರನ್ನೋ ಹೋಗಿ ಭೇಟಿ ಮಾಡಿ. ಹೊಸಬರು ಸೇರುವ ತಿಂಗಳು ಯಾವುದೆಂದು ಕೇಳಿ, ಅದಕ್ಕೆ 3 ವಾರ ಮೊದಲು ಹೋಗಿ. ಕೈಯಲ್ಲಿ ಎರಡು ಧ್ವನಿ ತುಣುಕು ಇರಲಿ: ಮೊದಲ ಬ್ಯಾಚಿನ ಒಬ್ಬರು ಮೊದಲ ದಿನ ಹೇಳಿದ ವಾಕ್ಯ, ಅದೇ ವಾಕ್ಯ 24ನೇ ಪಾಠದ ದಿನ. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಕೇಳಿಸಿ.